ಸೌತೆಕಾಯಿಯ ಘನಫಲ

೮ ಜುಲೈ ೧೯೬೮, ಸೋಮವಾರ

ಕಾಲೇಜು ಇಂದು ಮತ್ತೆ ತೆರೆಯಿತು. ತೆರೆಯದಿದ್ದರೆ ಕುಂದಾಪುರಕ್ಕೆ ಏನೂ ನಷ್ಟವಾಗುತ್ತಿರಲಿಲ್ಲ. ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು, ಬಿ.ಎಸ್ಸಿ. ಎರಡನೇ ವರ್ಷಕ್ಕೆ ಹುಡುಗರು ಹೆಚ್ಚಾಗಿದ್ದಾರೆ, ಎರಡು ಸೆಕ್ಷನ್ ಮಾಡೋಣ ಎಂದರು. ಹುಡುಗರು ಹೆಚ್ಚಾಗಿದ್ದಾರೆ, ಮೆದುಳು ಹೆಚ್ಚಾಗಿಲ್ಲ ಎಂದೆ. ಎಲ್ಲರೂ ನಕ್ಕರು. ಈ ಸ್ಟಾಫ್ ರೂಮಿನವರಿಗೆ ನಗಬೇಕೆಂದರೆ ನನ್ನನ್ನು ಬಿಟ್ಟು ಬೇರೆ ಗತಿಯಿಲ್ಲ.

ಎ ಸೆಕ್ಷನ್ ನನಗೆ, ಬಿ ಸೆಕ್ಷನ್ ಪ್ರೇಮಾನಂದನಿಗೆ. ಗಣಿತ ವಿಭಾಗ ಎಂದರೆ ನಾವಿಬ್ಬರೇ: ನಾನು ಮುಖ್ಯಸ್ಥ, ಉಳಿದದ್ದೆಲ್ಲ ಅವನು. ಕಿರಿಮಂಜೇಶ್ವರದ ಆಸಾಮಿ. ಎಂ.ಎಸ್ಸಿ.ಯಲ್ಲಿ ಎರಡನೇ ದರ್ಜೆ. ದಿನಾ ಬಸ್ಸಿನಲ್ಲಿ ಬರುತ್ತಾನೆ, ದಿನಾ ತಡ, ಬಂದವನೇ ತೊಯ್ದ ಕೊಡೆಯನ್ನು ನನ್ನ ಕುರ್ಚಿಯ ಬೆನ್ನಿಗೇ ತೂಗುಹಾಕುತ್ತಾನೆ. ಕೆಲಸ ಇನ್ನೂ ತಾತ್ಕಾಲಿಕ. ಈ ವರ್ಷ ಆಡಳಿತ ಮಂಡಳಿ ಅವನನ್ನು ಕಾಯಂ ಮಾಡಬೇಕು, ಇಲ್ಲವೇ ಮನೆಗೆ ಕಳಿಸಬೇಕು. ಕಳಿಸಿದರೆ ಬೈಂದೂರಿನಲ್ಲಿ ಅವನ ಮಾವನ ಕೊಬ್ಬರಿ ವ್ಯಾಪಾರ ಕಾದಿದೆಯಂತೆ. ಆ ಮಾತು ಹೇಳುವಾಗ ಅವನ ಮುಖ ನೋಡಬೇಕು, ಜೈಲಿಗೆ ಹೋಗುವವನ ಹಾಗೆ ಮಾಡುತ್ತಾನೆ. ಕೊಬ್ಬರಿಗೂ ಅವನಿಗೂ ಚೆನ್ನಾಗಿಯೇ ಹೊಂದೀತು ಎಂದು ನನ್ನ ಅಭಿಪ್ರಾಯ.

"ಬಾಗ್ಲ್ ತೆಗ್ದ ದಿನವೇ ಮುಖ ಗಂಟ್ ಹಾಯ್ಕಂಡ್ ಬಂದ್ರ್ಯಲೆ. ಮಕ್ಳ್ ಎಂತ ಮಾಡ್ರ್?" ಎಂದು ಮನೆಗೆ ಬಂದಾಗ ಗುಲಾಬಿ ಕೇಳಿದಳು. ಹದಿನಾರು ವರ್ಷದಿಂದ ನನ್ನ ಹೆಂಡತಿ, ಇನ್ನೂ ಇಂಥ ಪ್ರಶ್ನೆ ಕೇಳುತ್ತಾಳೆ. ಮಕ್ಕಳು ಏನೂ ಮಾಡುವುದಿಲ್ಲ, ಅದೇ ತೊಂದರೆ ಎಂದೆ.

೨೪ ಜುಲೈ, ಬುಧವಾರ

ಈ ವಾರ ಪರಿಭ್ರಮಣ ಘನಗಳ ಪಾಠ. ತಿಳಿಯದೆ ಇರುವಂಥದ್ದು ಇದರಲ್ಲಿ ಏನೂ ಇಲ್ಲ. ಒಂದು ವಕ್ರರೇಖೆಯನ್ನು ಅಕ್ಷದ ಸುತ್ತ ತಿರುಗಿಸಿದರೆ ಒಂದು ಘನ ಹುಟ್ಟುತ್ತದೆ. ಅದನ್ನು ಅಡ್ಡಕ್ಕೆ ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದರೆ ಪ್ರತಿ ಬಿಲ್ಲೆಯೂ ಒಂದು ವೃತ್ತ. ತ್ರಿಜ್ಯದ ವರ್ಗವನ್ನು ಪೈಯಿಂದ ಗುಣಿಸಿದರೆ ಆ ವೃತ್ತದ ಕ್ಷೇತ್ರಫಲ. ಎಲ್ಲ ಬಿಲ್ಲೆಗಳನ್ನು ಇಂಟಿಗ್ರೇಷನ್ ಮಾಡಿ ಕೂಡಿಸಿದರೆ ಘನಫಲ. ಒಂದು ಸೂತ್ರ, ಒಂದು ಸಾಲು. ನಾನು ಬೋರ್ಡಿನ ಮೇಲೆ ಬರೆದೆ, ಎ ಸೆಕ್ಷನ್ ಬರೆದುಕೊಂಡಿತು, ಪಾಠ ಮುಗಿಯಿತು.

ಹೊರಗೆ ಬಂದರೆ ಜವಾನ ಶೀನ ಒಂದು ಕೈಯಲ್ಲಿ ಚೂರಿ, ಇನ್ನೊಂದು ಕೈಯಲ್ಲಿ ಚೀಲ ತುಂಬ ಸಾಂಬಾರು ಸೌತೆಕಾಯಿ ಹಿಡಿದು ಹೋಗುತ್ತಿದ್ದ. ಎಲ್ಲಿ ಊಟ ಎಂದೆ.

"ಊಟ ಅಲ್ಲ ಸರ್, ಬಿ ಸೆಕ್ಷನಿಗ್. ಪ್ರೇಮಾನಂದ ಸರ್ ತಕಂಡ್ ಬಾ ಅಂದ್ರ್."

ಬಾಗಿಲ ಬಳಿ ನಿಂತು ನೋಡಿದೆ. ಪ್ರೇಮಾನಂದ ಹಿಂದಿನ ಬೆಂಚಿನ ಗುಡ್ಡನನ್ನು ಕರೆದು ಕೊಯ್ಯಲು ಹೇಳಿದ. ಹೆಸರಿಗೆ ತಕ್ಕ ಆಳು ಅವನು. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ಅವನ ಅಮ್ಮ ಮಾಡುವ ಹಾಗೆಯೇ ಹೆಬ್ಬೆರಳಿನಿಂದ ತಿರುಳು ತೋಡಲು ಶುರುಮಾಡಿದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಪ್ರೇಮಾನಂದನೂ ತನ್ನ ಒಡಕು ಗಂಟಲಲ್ಲಿ ನಕ್ಕು, "ಇದ್ ಹುಳಿಗ್ ಆಯ್ತ್. ಇನ್ನೊಂದ್ ತಕಾ, ಲೆಕ್ಕಕ್ಕೆ ಅಡ್ಡಕ್ ಕೊಯ್," ಎಂದ.

ವಿಶ್ವವಿದ್ಯಾಲಯದ ಪಾಠಪಟ್ಟಿಗೆ ಬಂದ ಗತಿ ಇದು. ಸ್ಟಾಫ್ ರೂಮಿನಲ್ಲಿ, ಮುಂದಿನ ವಾರ ಬಿ ಸೆಕ್ಷನಿಗೆ ಒಗ್ಗರಣೆಯ ಪಾಠ ಎಂದೆ. ಅದನ್ನು ಇಡೀ ದಿನ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಿದ್ದರು.

೧೯ ಆಗಸ್ಟ್, ಸೋಮವಾರ

ಪ್ರೇಮಾನಂದನ ಗಂಟಲು ಕೈಕೊಟ್ಟಿತು. ಮಳೆ ಹಿಡಿದಂದಿನಿಂದ ಒಡೆದಿದ್ದ ದನಿ ಈಗ ಪೂರ್ತಿ ಹೋಗಿದೆ. ಗಂಟಲಿನ ಡಾಕ್ಟರು ಕನ್ನಡಿ ಇಟ್ಟು ನೋಡಿ, ಒಳಗೆ ಗಡ್ಡೆ ಇದೆ, ಆಪರೇಷನ್ ಆಗಬೇಕು, ಆಮೇಲೂ ದನಿ ಬರುತ್ತದೆಂದು ಹೇಳಲಾರೆ, ಅಲ್ಲಿಯವರೆಗೆ ಒಂದು ಅಕ್ಷರ ಆಡಕೂಡದು ಎಂದಿದ್ದಾರಂತೆ. ಇದನ್ನೆಲ್ಲ ಅವನು ಸ್ಲೇಟಿನಲ್ಲಿ ಬರೆದು ಬರೆದು ಅಳಿಸಿದ. ಒಂದನೇ ಕ್ಲಾಸಿನ ಪೋರರು ಹಿಡಿಯುವಂಥ ಸ್ಲೇಟು, ಜೇಬಿನಲ್ಲಿ ಬಳಪ.

ರಜೆ ಹಾಕಿ ಎಂದರು ಪ್ರಿನ್ಸಿಪಾಲರು. "ಕ್ಲಾಸು ಬಿಡುವುದಿಲ್ಲ" ಎಂದು ಬರೆದ. ತಾತ್ಕಾಲಿಕ ಹುದ್ದೆಯವನು ರಜೆ ಹಾಕಿದರೆ ವಾಪಸು ಬರುವುದಿಲ್ಲ ಎಂಬುದು ಅವನಿಗೂ ಗೊತ್ತು. ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ಅವನು ಮಾತಾಡಿ ಮಾಡಿದ ನಷ್ಟಕ್ಕಿಂತ ಹೆಚ್ಚಿನದನ್ನು ಸುಮ್ಮನಿದ್ದು ಮಾಡಲಾರ, ಬಿಡಿ ಎಂದೆ. ಎಲ್ಲರೂ ನಕ್ಕರು. ಪ್ರೇಮಾನಂದನೂ ನಕ್ಕ, ಆದರೆ ಸದ್ದಿಲ್ಲ. ಸದ್ದಿಲ್ಲದೆ ನಗುವವರನ್ನು ನೋಡುವುದು ಹಿತವಾದ ಕೆಲಸವಲ್ಲ.

೧೦ ಸೆಪ್ಟೆಂಬರ್, ಮಂಗಳವಾರ

ಆಡಳಿತ ಮಂಡಳಿಯ ಅಧ್ಯಕ್ಷ ಗುಣಪಾಲ ಶೆಟ್ಟರು ವರದಿ ಕೇಳಿದ್ದರು. ಹೆಂಚಿನ ಕಾರ್ಖಾನೆಯ ಯಜಮಾನರು. ಹೆಂಚು ಸುಡುವುದು ತಿಳಿದವರಿಗೆ ಕಾಲೇಜು ನಡೆಸುವುದೂ ತಿಳಿದಿರುತ್ತದೆ ಎಂದು ಊರು ನಂಬಿದೆ. ಪ್ರಶ್ನೆ ಇಷ್ಟು: ಮಾತು ನಿಂತ ಲೆಕ್ಚರರನ್ನು ಕಾಯಂ ಮಾಡಬಹುದೇ? ವಿಭಾಗದ ಮುಖ್ಯಸ್ಥರ ಅಭಿಪ್ರಾಯ ಬೇಕು.

ಅವನ ಕ್ಲಾಸಿಗೆ ಹೋಗಿ ಕೂರುವ ಅಗತ್ಯ ಕಾಣಲಿಲ್ಲ. ನಿನ್ನೆ ಮಧ್ಯಾಹ್ನ ಒಂದೇ ಸಲಕ್ಕೆ ಬರೆದು ಕಳಿಸಿದೆ. ಚೆನ್ನಾಗಿಯೇ ಬಂದಿದೆ. "ಬಿ ಸೆಕ್ಷನಿಗೆ ಲೆಕ್ಚರರು ಬೇಕಾಗಿಲ್ಲ, ತರಕಾರಿ ಅಂಗಡಿಯವನು ಸಾಕು. ಅವನಾದರೆ ಬೆಲೆಯನ್ನಾದರೂ ಬಾಯಿಬಿಟ್ಟು ಹೇಳುತ್ತಾನೆ" ಎಂಬ ಸಾಲನ್ನು ಸ್ಟಾಫ್ ರೂಮಿನಲ್ಲಿ ಓದಿದಾಗ ಇಂಗ್ಲಿಷ್ ಲೆಕ್ಚರರಿಗೆ ಕಾಫಿ ನೆತ್ತಿಗೆ ಹತ್ತಿತು. ಪ್ರೇಮಾನಂದ ಆಗ ಕ್ಲಾಸಿನಲ್ಲಿದ್ದ.

ಇಂದು ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಶೆಟ್ಟರೇ ಕಾರು ನಿಲ್ಲಿಸಿದರು. "ಹೆಗ್ಡ್ರೆ, ನಿಮ್ ರಿಪೋರ್ಟ್ ಓದಿ ಹೊಟ್ಟಿ ಹುಣ್ಣಾಪಷ್ಟ್ ನೆಗ್ಯಾಡ್ದೆ. ನಮ್ಮನಿಯರಿಗೂ ಓದ್ ಹೇಳ್ದೆ." ಅವರ ಮನೆಯವರಿಗೂ ನಗು ಬಂದಿತಂತೆ. ಊರಿನಲ್ಲಿ ಓದಲು ಬೇರೇನೂ ಇಲ್ಲದಿದ್ದರೆ ಹೀಗಾಗುತ್ತದೆ.

೭ ಅಕ್ಟೋಬರ್, ಸೋಮವಾರ

ಮಧ್ಯಾವಧಿ ಪರೀಕ್ಷೆಯ ಪೇಪರುಗಳನ್ನು ದಸರೆಯ ರಜೆಯಲ್ಲಿ ನೋಡಿ ಮುಗಿಸಿದೆ. ಎರಡೂ ಸೆಕ್ಷನಿಗೆ ಒಂದೇ ಪ್ರಶ್ನೆಪತ್ರಿಕೆ, ನಾನೇ ತೆಗೆದದ್ದು. ಕೊನೆಯ ಪ್ರಶ್ನೆಯನ್ನು ತರಕಾರಿ ಪಂಗಡಕ್ಕೆಂದೇ ಹಾಕಿದ್ದೆ. ಎರಡು ರೇಖೆಗಳ ನಡುವಿನ ಪ್ರದೇಶವನ್ನು ಅಕ್ಷದ ಸುತ್ತ ತಿರುಗಿಸಿದರೆ ಹುಟ್ಟುವ ಘನದ ಘನಫಲವೆಷ್ಟು? ಇಲ್ಲಿ ಘನ ಗಟ್ಟಿಯಲ್ಲ, ಒಳಗೆ ಪೊಳ್ಳು. ದೊಡ್ಡ ತ್ರಿಜ್ಯದ ವರ್ಗದಿಂದ ಸಣ್ಣ ತ್ರಿಜ್ಯದ ವರ್ಗವನ್ನು ಕಳೆಯಬೇಕು. ಮೊದಲೇ ತ್ರಿಜ್ಯಗಳನ್ನು ಕಳೆದು ಆಮೇಲೆ ವರ್ಗ ಮಾಡುವವನು ಕತ್ತೆ.

ಎ ಸೆಕ್ಷನಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೊದಲೇ ಕಳೆದು ಆಮೇಲೆ ವರ್ಗ ಮಾಡಿದ್ದಾರೆ. ನಿಜವಾದ ಉತ್ತರದ ಕಾಲು ಭಾಗ ಬಂದಿದೆ. ಬಂದದ್ದನ್ನು ಕೆಳಗೆ ಎರಡು ಗೀಟು ಎಳೆದು ಅಲಂಕರಿಸಿಯೂ ಇದ್ದಾರೆ. ಬಿ ಸೆಕ್ಷನಿನಲ್ಲಿ ಹೆಚ್ಚುಕಡಿಮೆ ಎಲ್ಲರದೂ ಸರಿ. ಗುಡ್ಡನದೂ ಸರಿ.

ನಕಲು ಹೊಡೆದಿರಬೇಕು.

೧೦ ಅಕ್ಟೋಬರ್, ಗುರುವಾರ

ಬಿ ಸೆಕ್ಷನಿನ ಹರಿಣಾಕ್ಷಿಯನ್ನು ಕರೆಸಿದೆ. ಸಾಸ್ತಾನದ ಕಡೆಯ ಹುಡುಗಿ, ಆ ಸೆಕ್ಷನಿಗೆ ಇರುವುದು ಅವಳೊಬ್ಬಳೇ ಹುಡುಗಿ. ನಕಲು ಯಾರಿಂದ ಶುರುವಾಯಿತೋ ತಿಳಿಯಬೇಕಿತ್ತು. ಕೊನೆಯ ಲೆಕ್ಕ ಮಾಡಿದ್ದು ಹೇಗೆ ಎಂದು ಕೇಳಿದೆ. ಪುಸ್ತಕದ ಸಾಲು ಹೇಳುತ್ತಾಳೆಂದು ಕಾದೆ. ಅವಳು ಗಾಳಿಯಲ್ಲಿ ಎರಡೂ ಕೈಗಳಿಂದ ಒಂದು ದೊಡ್ಡ ಬಿಲ್ಲೆ ಮಾಡಿ ತೋರಿಸಿದಳು, ಅದರೊಳಗೆ ಬೆರಳುಗಳಿಂದ ಒಂದು ಸಣ್ಣ ಬಿಲ್ಲೆ.

"ಸಣ್ಣ ಬಿಲ್ಲಿ ತೆಗುಕ್ ಮೊದ್ಲ್ ದೊಡ್ಡ ಬಿಲ್ಲಿ ಇಡೀ ಇರ್ಕಲ್ದಾ ಸರ್. ದೊಡ್ಡದ್ರಂಗ್ ಸಣ್ಣದನ್ನ ಕಳುದು."

ಸೂತ್ರದ ಹೆಸರು ಕೇಳಿದೆ, ಗೊತ್ತಿಲ್ಲ. ಪ್ರಮೇಯ ಕೇಳಿದೆ, ಗೊತ್ತಿಲ್ಲ. ಉತ್ತರ ಮಾತ್ರ ಗೊತ್ತು. ಇಂಥವರನ್ನು ಬುದ್ಧಿವಂತರೆನ್ನಲು ಬರುವುದಿಲ್ಲ. ನಕಲು ಅಲ್ಲ ಎಂಬುದಷ್ಟೇ ಖಾತ್ರಿಯಾಯಿತು, ಅದೂ ಒಂದು ಕಿರಿಕಿರಿಯೇ.

೧೩ ಅಕ್ಟೋಬರ್, ಭಾನುವಾರ

ಗುಲಾಬಿ ಹುಳಿಗೆ ಕೊಯ್ಯಲು ಕೂತಿದ್ದಳು. ಬೇಸಿಗೆಯಲ್ಲಿ ಬ್ರಹ್ಮಾವರದ ನಮ್ಮ ಮೂಲ ಮನೆಯಿಂದ ತಂದು, ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಜಂತಿಗೆ ತೂಗಿಸಿದ್ದ ಸೌತೆಕಾಯಿಗಳಲ್ಲಿ ಉಳಿದದ್ದು ಕೊನೆಯ ಎರಡು. ನಾನು ಹೋಗಿ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತೆ. ಅವಳು ಒಂದನ್ನು ಉದ್ದಕ್ಕೆ ಸೀಳಿ, ತಿರುಳು ತೋಡಿ ತೆಗೆದು, ಉಳಿದದ್ದನ್ನು ಹೋಳು ಮಾಡಿದಳು. ಸೀಳುವುದೇಕೆ, ಮೊದಲೇ ಅಡ್ಡಕ್ಕೆ ಕೊಯ್ಯಬಾರದೇ ಎಂದೆ.

"ತಿರುಳ್ ತೆಗೀದೆ ಯಾರಾರೂ ಕೊಯ್ತ್ರಾ? ಮೊದ್ಲ್ ತಿರುಳ್ ತೆಗುದು. ಮತ್ತೆ ಉಳ್ದದ್ದ್ ಎಷ್ಟ್ ದಪ್ಪ ಇತ್ತ್ ಕಂಡ್ಕಂಡ್ ಹೋಳ್ ಮಾಡುದು."

ನನ್ನ ಸೆಕ್ಷನಿನವರು ಮಾಡಿದ್ದೂ ಇದನ್ನೇ. ತಿರುಳನ್ನು ಮೊದಲೇ ತೆಗೆದು, ಉಳಿದ ದಪ್ಪವನ್ನು ವರ್ಗ ಮಾಡಿ ಕೂತಿದ್ದಾರೆ. ಹುಟ್ಟಿದಂದಿನಿಂದ ಅಡುಗೆಮನೆಯಲ್ಲಿ ಕಂಡದ್ದನ್ನು ವಿಶ್ವವಿದ್ಯಾಲಯದ ಕ್ರಮಾಂಕ ಹಾಕಿ ಬರೆದುಕೊಟ್ಟಿದ್ದಾರೆ. ಈ ಕರಾವಳಿಯಲ್ಲಲ್ಲದೆ ಬೇರೆಲ್ಲೂ ಇಂಥ ತಪ್ಪು ಆಗಲಾರದು.

ಇನ್ನೊಂದು ಸೌತೆಕಾಯಿಯನ್ನು ನಾನು ಅಡ್ಡಕ್ಕೆ ಕೊಯ್ದೆ. ಒಂದು ದೊಡ್ಡ ಬಿಲ್ಲೆ, ನಡುವೆ ತಿರುಳಿನ ಸಣ್ಣ ಬಿಲ್ಲೆ. ಇದ್ದ ಹಾಗೆಯೇ ಇದೆ, ಯಾರೂ ವಿವರಿಸಬೇಕಾಗಿಲ್ಲ. ಸ್ಕೇಲು ತಂದು ಅಳೆದೆ.

"ಹ್ವಾಯ್, ಅದ್ ನಾಳಿಗ್ ಅಂದೇಳಿ ಇಟ್ಟದ್ದ್. ಸ್ಕೇಲ್ ಹಿಡ್ಕಂಡ್ ಎಂತ ಮಾಡ್ತಾ ಇದ್ರಿ?" ಎಂದಳು.

ಜುಲೈಯಲ್ಲಿ ಪ್ರೇಮಾನಂದ ಆ ಗುಡ್ಡನ ಕೈಯಲ್ಲಿ ಮೊದಲು ತಪ್ಪಾಗಿ ಕೊಯ್ಯಲು ಬಿಟ್ಟದ್ದು ಬೇಕೆಂದೇ ಇರಬಹುದೇ? ಇರಲಾರದು. ಅಷ್ಟು ಮುಂದಾಲೋಚನೆ ಇದ್ದವನು ಕೊಡೆಯನ್ನು ಸರಿಯಾದ ಜಾಗದಲ್ಲಿ ಇಡುತ್ತಿದ್ದ. ಅದೃಷ್ಟ.

೧೨ ನವೆಂಬರ್, ಮಂಗಳವಾರ

ಬಿ ಸೆಕ್ಷನಿನ ಹಿಂದಿನ ಬೆಂಚಿನಲ್ಲಿ ಕುಳಿತು ಬಂದೆ. ವರದಿ ಹೋಗಿಯಾಗಿದೆ, ನಾಳೆ ಯಾರಾದರೂ ಕೇಳಿದರೆ ಪುರಾವೆ ಕೈಯಲ್ಲಿರಲಿ ಎಂದು.

ಪ್ರೇಮಾನಂದ ಎಂದಿನಂತೆ ತಡವಾಗಿ ಬಂದ. ನನ್ನನ್ನು ಕಂಡು ಒಂದು ಗಳಿಗೆ ನಿಂತ, ಆಮೇಲೆ ನಾನು ಇಲ್ಲವೇನೋ ಎಂಬಂತೆ ಕೆಲಸ ಶುರುಮಾಡಿದ. ಚೀಲದಿಂದ ರಟ್ಟಿನ ಒಂದು ಲಂಬಕೋನ ತ್ರಿಕೋನ ತೆಗೆದ. ಒಂದು ಬದಿ ಮೂರು ಅಂಗುಲ, ಇನ್ನೊಂದು ನಾಲ್ಕು. ನಾಲ್ಕರ ಬದಿಗೆ ಹಿಡಿಸೂಡಿ ಪೊರಕೆಯ ಕಡ್ಡಿ ಅಂಟಿಸಿದ್ದ. ಕಡ್ಡಿಯನ್ನು ಎರಡು ಅಂಗೈಗಳ ನಡುವೆ ಇಟ್ಟು ರಭಸದಿಂದ ಹೊಸೆದ. ರಟ್ಟು ಮಾಯವಾಗಿ ಗಾಳಿಯಲ್ಲಿ ಒಂದು ಎತ್ತರದ ಶಂಕು ನಿಂತಿತು. ಆಮೇಲೆ ಅದೇ ಅಳತೆಯ ಇನ್ನೊಂದು ರಟ್ಟು, ಆದರೆ ಕಡ್ಡಿ ಮೂರರ ಬದಿಗೆ. ಹೊಸೆದಾಗ ಗಿಡ್ಡನೆಯ, ಅಗಲ ಬುಡದ ಶಂಕು. ಬೋರ್ಡಿನ ಮೇಲೆ ಬರೆದ: ಯಾವುದರ ಘನಫಲ ಹೆಚ್ಚು? ಕೈ ಎತ್ತಿ.

"ಉದ್ದದ್ದೇ ದೊಡ್ಡದ್," ಎಂದ ಗುಡ್ಡ. ಅರ್ಧ ಕ್ಲಾಸು ಅವನ ಹಿಂದೆ ಕೈ ಎತ್ತಿತು.

"ಎರಡೂ ಒಂದೇ ಮಾರಾಯಾ. ಅದೇ ರಟ್ಟಲ್ದಾ," ಎಂದ ಚಂದ್ರನೆಂಬ ಇನ್ನೊಬ್ಬ.

"ರಟ್ಟ್ ಒಂದೇ. ಅದ್ ತಿರ್ಗೂ ದೂರ ಒಂದೇ ಅಲ್ಲ," ಎಂದಳು ಹರಿಣಾಕ್ಷಿ.

ಪ್ರೇಮಾನಂದ ಸೀಮೆಸುಣ್ಣವನ್ನು ಅವಳ ಕಡೆ ಚಾಚಿದ. ಅವಳು ಎದ್ದು ಹೋಗಿ ಬೋರ್ಡಿನ ಮುಂದೆ ನಿಂತು ಹೇಳತೊಡಗಿದಳು. ಗುಡ್ಡ ಒಪ್ಪಲಿಲ್ಲ. ಚಂದ್ರ ಇಬ್ಬರನ್ನೂ ಒಪ್ಪಲಿಲ್ಲ. ಮೀನು ಮಾರ್ಕೆಟ್ಟಿನ ಗಲಾಟೆ. ಪ್ರೇಮಾನಂದ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಯಾರಾದರೂ ದಾರಿ ತಪ್ಪಿದರೆ ಬೆರಳಿನಿಂದ ಬೋರ್ಡನ್ನು ತಟ್ಟುತ್ತಿದ್ದ, ಸರಿ ಹೇಳಿದರೆ ಅವರ ಮಾತನ್ನೇ ಗಣಿತದ ಒಂದು ಸಾಲಾಗಿ ಬರೆಯುತ್ತಿದ್ದ. ಗಂಟೆ ಮುಗಿಯುವಾಗ ಬೋರ್ಡಿನ ಮೇಲೆ ಇಡೀ ಲೆಕ್ಕ ಇತ್ತು. ಎತ್ತರದ್ದು ಹನ್ನೆರಡು ಪೈ, ಗಿಡ್ಡದ್ದು ಹದಿನಾರು ಪೈ. ಗುಡ್ಡ ತಲೆ ಕೆರೆದುಕೊಂಡು, ಎದ್ದುಹೋಗಿ ಎರಡು ರಟ್ಟನ್ನೂ ತಾನೇ ಮತ್ತೆ ತಿರುಗಿಸಿ ನೋಡಿದ.

ನಾನು ಕೈ ಎತ್ತಿರಲಿಲ್ಲ. ಎತ್ತರದ ಶಂಕುವಿಗೆ ಮತ ಕೇಳಿದಾಗ ನನ್ನ ಕೈ ಬೆಂಚಿನಿಂದ ಸ್ವಲ್ಪ ಮೇಲಿತ್ತು, ಅಷ್ಟೇ. ಲೆಕ್ಕ ಗೊತ್ತಿಲ್ಲದೆ ಅಲ್ಲ.

ಅವನ ಮೋಸ ಈಗ ಗೊತ್ತಾಯಿತು. ಅವನು ಪಾಠವನ್ನೇ ಮಾಡುವುದಿಲ್ಲ. ಮಾತೆಲ್ಲ ಅವರ ಕೈಯಲ್ಲಿ ಆಡಿಸುತ್ತಾನೆ, ತಾನು ಆರಾಮಾಗಿ ನಿಂತಿರುತ್ತಾನೆ. ನಾನು ಒಂದು ಗಂಟೆ ಗಂಟಲು ಹರಿದುಕೊಂಡು ಹೊರಗೆ ಬರುವಾಗ ನನ್ನ ಸೆಕ್ಷನಿನಲ್ಲಿ ಪೆನ್ನಿನ ಸದ್ದು ಬಿಟ್ಟರೆ ಏನೂ ಇರುವುದಿಲ್ಲ. ನನಗೆ ಕೋಪ ಬಂತು. ಯಾರ ಮೇಲೆ ಎಂದು ಸರಿಯಾಗಿ ಹೇಳಲಾರೆ.

೧೪ ನವೆಂಬರ್, ಗುರುವಾರ

ಮತ್ತೆ ಹೋಗಿ ಕುಳಿತೆ. ಪುರಾವೆ ಸಾಲದು.

೨೧ ನವೆಂಬರ್, ಗುರುವಾರ

ಬಸ್ಸು ಕೆಟ್ಟು ಪ್ರೇಮಾನಂದ ಇಂದು ಬರಲೇ ಇಲ್ಲ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕಾದು ಕಾದು ಎದ್ದು ಬಂದೆ. ಒಂದು ಗಂಟೆ ದಂಡ. ಬೇಜವಾಬ್ದಾರಿಗೂ ಒಂದು ಮಿತಿ ಬೇಡವೇ.

೫ ಡಿಸೆಂಬರ್, ಗುರುವಾರ

ಆಪರೇಷನ್ ಆಯಿತಂತೆ. ಗಡ್ಡೆ ಹೋಗಿದೆ, ದನಿ ಬಂದಿಲ್ಲ. ಇನ್ನು ಬರುವ ಆಸೆ ಕಡಿಮೆ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದ, ಬಸ್ಸಿನ ಸಮಯ ತಿಳಿಸುವವನ ಹಾಗೆ. ಕೊಡೆಯನ್ನು ನನ್ನ ಕುರ್ಚಿಗೇ ಹಾಕಬಹುದು ಎಂದೆ. ಮಳೆಗಾಲ ಮುಗಿದು ಎಷ್ಟೋ ದಿನವಾಗಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

೨೦ ಜನವರಿ ೧೯೬೯, ಸೋಮವಾರ

ಪ್ರೇಮಾನಂದನ ವಿಷಯ ಫೆಬ್ರವರಿ ಹದಿನೈದಕ್ಕೆ ಆಡಳಿತ ಮಂಡಳಿಯ ಮುಂದೆ ಬರುತ್ತದೆ. ಪ್ರಿನ್ಸಿಪಾಲರ ಕೋಣೆಗೆ ಹೋಗಿ ನನ್ನ ವರದಿ ವಾಪಸು ಬೇಕು ಎಂದೆ.

"ಏಕೆ ಹೆಗ್ಡೇರೇ?"

ತಿದ್ದುವುದಿದೆ ಎಂದೆ.

"ಏನು ತಿದ್ದುತ್ತೀರಿ? ಎಲ್ಲ ಸದಸ್ಯರಿಗೂ ಟೈಪು ಮಾಡಿಸಿ ಕೊಟ್ಟಾಗಿದೆ. ಅಷ್ಟು ಸೊಗಸಾದ ಬರಹವನ್ನು ಕೆಡಿಸಬೇಡಿ."

ಅವನ ಮೇಲಿನ ಪ್ರೀತಿಯಿಂದ ನಾನು ಹೋದದ್ದಲ್ಲ. ಅವನು ಹೋದರೆ ಎರಡೂ ಸೆಕ್ಷನ್ ನನ್ನ ತಲೆಗೆ ಬರುತ್ತದೆ, ಅಷ್ಟೇ. ಸಭೆಯಲ್ಲಿ ನಾನೇ ಎದ್ದು ನಾಲ್ಕು ಮಾತು ಹೇಳಿದರಾಯಿತು. ಈ ಊರಿನಲ್ಲಿ ನನ್ನ ಮಾತನ್ನು ಕೇಳದವರಿಲ್ಲ.

೧೫ ಫೆಬ್ರವರಿ, ಶನಿವಾರ

ಸಭೆ ಮುಗಿಯಿತು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗುಣಪಾಲ ಶೆಟ್ಟರು ನನ್ನ ವರದಿಯ ಪ್ರತಿ ಮುಂದಿಟ್ಟುಕೊಂಡು, "ಹೆಗ್ಡ್ರೆ, ಎರಡ್ ಮಾತ್ ಹೇಳಿ. ನೀವ್ ಹೇಳ್ರೆ ಕೇಂಬುಕ್ ಚಂದ," ಎಂದರು. ನಾನು ಎದ್ದು ನಿಂತೆ. ಪ್ರೇಮಾನಂದನನ್ನು ಕಾಯಂ ಮಾಡಬೇಕು ಎಂದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಈ ಕಾಲೇಜಿನಲ್ಲಿ ಗಣಿತ ಕಲಿಸಲು ಬರುವವನು ಒಬ್ಬನೇ, ಅದು ನಾನಲ್ಲ ಎಂದೆ. ಸದಸ್ಯರಲ್ಲೊಬ್ಬರಾದ ವಕೀಲರು ಮೇಜು ಕುಟ್ಟಿ ನಕ್ಕರು. ನಾನು ಪರೀಕ್ಷೆಯ ಕೊನೆಯ ಪ್ರಶ್ನೆಯ ಕಥೆ ಹೇಳಹೊರಟೆ. ಅದಕ್ಕೆ ಸೌತೆಕಾಯಿಯ ಹೆಸರು ಎತ್ತಲೇಬೇಕಿತ್ತು. ಎತ್ತಿದ್ದೇ ತಡ, ಶೆಟ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನಾನು ತಮಾಷೆ ಮಾಡುತ್ತಿಲ್ಲ ಎಂದು ಗಟ್ಟಿಯಾಗಿ ಹೇಳಿದೆ.

"ಕಾಣಿ, ಹೇಳುವತ್ತಿಗೆ ಅವ್ರ್ ಒಂಚೂರೂ ನೆಗ್ಯಾಡುದಿಲ್ಲ ಕಾಣಿ," ಎಂದರು ಶೆಟ್ಟರು ಉಳಿದವರಿಗೆ. "ಅದೇ ಅವ್ರ್ ಗಮ್ಮತ್ತ್."

ಆಮೇಲೆ ನಾನು ಹೇಳಿದ ಒಂದೊಂದು ಮಾತಿಗೂ ನಗು ಹೆಚ್ಚಾಯಿತು. ದನಿ ಏರಿಸಿದೆ, ಇನ್ನೂ ನಕ್ಕರು. ಕೊನೆಗೆ ವಕೀಲರು ಹೊಟ್ಟೆ ಹಿಡಿದುಕೊಂಡು ಸಾಕು ಸಾಕು ಎಂದು ಕೈಯಾಡಿಸಿದರು. ಈ ತಿಂಗಳ ಕೊನೆಗೆ ಪ್ರೇಮಾನಂದನನ್ನು ಬಿಡುಗಡೆ ಮಾಡುವುದೆಂದೂ ಎರಡೂ ಸೆಕ್ಷನ್ ನಾನು ನೋಡಿಕೊಳ್ಳುವುದೆಂದೂ ಬರೆದುಕೊಂಡು, ಸೈಕಲ್ ಸ್ಟ್ಯಾಂಡಿನ ಮಾಡಿನ ವಿಷಯಕ್ಕೆ ಹೋದರು. ಬಾಗಿಲಲ್ಲಿ ಪ್ರಿನ್ಸಿಪಾಲರು ಬೆನ್ನು ತಟ್ಟಿ, ಇವತ್ತು ನಿಮ್ಮನ್ನು ನೀವೇ ಮೀರಿಸಿದಿರಿ ಎಂದರು.

ಮೂರ್ಖರು. ಎದುರಿಗೆ ನಿಂತವನು ನಿಜ ಹೇಳುತ್ತಿದ್ದಾನೆಂದು ತಿಳಿಯದವರು. ಇವರ ಹೆಂಚು ಮಾಡಿನ ಮೇಲೆ ನಿಲ್ಲುವುದೇ ಆಶ್ಚರ್ಯ. ಊಟ ಬೇಡ ಎಂದದ್ದಕ್ಕೆ ಗುಲಾಬಿ ಏನಾಯಿತೆಂದು ಕೇಳಿದಳು. ಪ್ರೇಮಾನಂದನ ಪರವಾಗಿ ಮಾತಾಡಿದೆ, ನಕ್ಕರು ಎಂದೆ.

"ನೀವ್ ಎದ್ ನಿಂತ್ರೆ ನೆಗ್ಯಾಡ್ದೆ ಮತ್ತೆಂತ ಮಾಡ್ತ್ರ್ ಅವ್ರ್?" ಎಂದಳು. "ಇಷ್ಟ್ ವರ್ಷ ಅವ್ರಿಗ್ ನೀವ್ ಕಲ್ಸಿದ್ದ್ ಅದನ್ನೇ ಅಲ್ದಾ?"

ಅವಳ ಮೇಲೂ ರೇಗಿದೆ. ಅವಳು ಅನ್ನದ ಪಾತ್ರೆ ಮುಚ್ಚಿಟ್ಟು ಒಳಗೆ ಹೋದಳು.

೨೩ ಫೆಬ್ರವರಿ, ಭಾನುವಾರ

ಬೆಳಿಗ್ಗೆಯ ಬಸ್ಸು ಹಿಡಿದು ಕಿರಿಮಂಜೇಶ್ವರಕ್ಕೆ ಹೋಗಿ ಬಂದೆ. ಆದೇಶ ಕೈಸೇರಿದ ದಿನದಿಂದ ಪ್ರೇಮಾನಂದ ಕಾಲೇಜಿಗೆ ಬಂದಿಲ್ಲ. ಏಕೆ ಹೋದೆನೆಂದರೆ, ಪಾಠಪಟ್ಟಿಯಲ್ಲಿ ಬಿ ಸೆಕ್ಷನಿಗೆ ಏನೇನು ಬಾಕಿ ಇದೆ ಎಂದು ತಿಳಿಯಬೇಕಿತ್ತು. ಅದನ್ನು ಶೀನನ ಕೈಯಲ್ಲಿ ಕೇಳಿ ಕಳಿಸಬಹುದಿತ್ತು ಎಂದು ಬಸ್ಸಿನಲ್ಲಿ ಕುಳಿತ ಮೇಲೆ ಹೊಳೆಯಿತು.

ಬಾಗಿಲು ತೆಗೆದವಳು ಅವನ ತಂಗಿ ಸರೋಜ. "ಅಣ್ಣ ಹಿತ್ಲಂಗಿದ್ದ, ಕರಿತೆ. ಕೂಕಣಿ," ಎಂದಳು. ನನ್ನ ಹೆಸರು ಹೇಳಿದ ಮೇಲೆ ಅವಳ ಮುಖ ಬದಲಾಯಿತು, ಕುಡಿಯಲು ಏನು ಬೇಕೆಂದು ಕೇಳಲಿಲ್ಲ. ಪ್ರೇಮಾನಂದ ಸ್ಲೇಟು ಹಿಡಿದುಕೊಂಡೇ ಬಂದ. ನಾನು ಬಾಯಿ ತೆರೆಯುವ ಮೊದಲೇ ಬರೆದು ನನ್ನ ಕಡೆ ತಿರುಗಿಸಿದ.

"ಸಭೆಯಲ್ಲಿ ಮತ್ತೊಮ್ಮೆ ಎಲ್ಲರನ್ನೂ ನಗಿಸಿದಿರಂತೆ."

ಇಲ್ಲ ಎಂದೆ. ನಾನು ನಿನ್ನ ಪರವಾಗಿ ಮಾತಾಡಿದೆ, ನೀನು ಇರಬೇಕೆಂದು ಹೇಳಿದೆ, ಅವರಿಗೆ ತಿಳಿಯಲಿಲ್ಲ ಎಂದೆ. ಹೇಳುತ್ತಿದ್ದಂತೆ ನನ್ನ ಕಿವಿಗೇ ಅದು ಗೇಲಿಯ ಹಾಗೆ ಕೇಳಿಸಿತು. ಅವನು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ. ಲೆಕ್ಕ ಸರಿಯೋ ತಪ್ಪೋ ಎಂದು ಹುಡುಗರ ಪುಸ್ತಕ ನೋಡುವವರು ಹಾಗೆ ನೋಡುತ್ತಾರೆ. ಆಮೇಲೆ ಅಂಗಿಯ ತೋಳಿನಿಂದ ಸ್ಲೇಟು ಒರೆಸಿ, "ಮೇಲ್ಮೈ ಪಾಠ ಬಾಕಿ" ಎಂದು ಬರೆದ.

ನಂಬಿದನೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಸ್ಲೇಟಿಗೆ ದನಿಯಿಲ್ಲ. ನಾಳೆಯಿಂದ ಬೈಂದೂರಿಗೆ, ಮಾವನ ಕೊಬ್ಬರಿ ವ್ಯಾಪಾರಕ್ಕೆ ಹೋಗುತ್ತಾನೆಂದು ತಂಗಿ ಹೇಳಿದಳು. ಬಸ್ಸಿನಲ್ಲಿ ವಾಪಸು ಬರುವಾಗ ಅಳು ಬಂದ ಹಾಗಾಯಿತು, ಕಿಟಕಿಯ ಧೂಳಿರಬೇಕು. ಧೂಳಲ್ಲ.

೩ ಮಾರ್ಚ್, ಸೋಮವಾರ

ಎರಡೂ ಸೆಕ್ಷನ್ ಒಂದೇ ಕೋಣೆಯಲ್ಲಿ. ಜಾಗ ಸಾಲದೆ ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕುಳಿತಿದ್ದರು. ಇಂದು ಮೇಲ್ಮೈ, ಎಂದರೆ ತಿರುಗಿಸಿ ಹುಟ್ಟಿದ ಘನದ ಹೊಟ್ಟೆಯ ಅಳತೆಯಲ್ಲ, ಸಿಪ್ಪೆಯ ಅಳತೆ. ದಾರಿಯಲ್ಲಿ ಒಂದು ಕಡಲೆಕಾಯಿ ಪೊಟ್ಟಣ ಕೊಂಡು, ಕಡಲೆಯನ್ನು ಜೇಬಿಗೆ ಸುರಿದು, ಕಾಗದದ ಶಂಕುವನ್ನು ಕೈಯಲ್ಲಿ ಹಿಡಿದು ಹೋಗಿದ್ದೆ. ನನ್ನಂಥವನು ಇಂಥ ವೇಷ ಹಾಕಿದ್ದನ್ನು ಕಂಡು ಶೀನನಿಗೂ ನಗು ಬಂತು.

ಎ ಸೆಕ್ಷನಿನವರು ಪೆನ್ನು ತೆರೆದು ಸೂತ್ರಕ್ಕೆ ಕಾದರು. ಬಿ ಸೆಕ್ಷನಿನವರು ಪೆನ್ನು ತೆರೆಯಲೇ ಇಲ್ಲ, ನನ್ನ ಕೈಯನ್ನು ನೋಡುತ್ತ ಕುಳಿತರು. ಶಂಕುವನ್ನು ಉಂಗುರ ಉಂಗುರವಾಗಿ ಕೊಯ್ದರೆ, ಪ್ರತಿ ಉಂಗುರದ ಅಗಲವನ್ನು ಅಕ್ಷದ ಉದ್ದಕ್ಕೆ ಅಳೆಯಕೂಡದು, ಓರೆಯಾಗಿ ಇಳಿಯುವ ಅಂಚಿನ ಉದ್ದಕ್ಕೆ ಅಳೆಯಬೇಕು ಎಂದು ಹೇಳಿದೆ. ಬಹಳ ಹೊತ್ತು ಹೇಳಿದೆ. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮುಗಿಸಿ ಕೈಯ ಸುಣ್ಣ ಒರೆಸಿಕೊಳ್ಳುವಾಗ, ಅರ್ಥವಾಯಿತೇ ಎಂಬ ಮಾತು ಬಾಯಿಂದ ಹೊರಬಿತ್ತು. ಎ ಸೆಕ್ಷನಿನವರು ಒಕ್ಕೊರಲಿನಿಂದ ಯೆಸ್ ಸರ್ ಎಂದರು.

ಹರಿಣಾಕ್ಷಿ ಎದ್ದು ನಿಂತಳು. "ಇಲ್ಲ ಸರ್. ಅರ್ಥ ಆಯ್ಲಿಲ್ಲ. ಘನಫಲಕ್ಕೆ ನೆಟ್ಟಗೇ ಅಳದ್ರೆ ಸಾಕಿತ್ತ್. ಸಿಪ್ಪಿಗ್ ಮಾತ್ರ ಓರಿ ಎಂತಕ್ಕೆ?"

ಇಷ್ಟು ವರ್ಷದಲ್ಲಿ ಅರ್ಥವಾಗಲಿಲ್ಲ ಎಂದು ನನ್ನ ಮುಖಕ್ಕೆ ಹೇಳಿದವರು ಒಬ್ಬರೂ ಇಲ್ಲ. ಎ ಸೆಕ್ಷನ್ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿತು, ಇನ್ನು ನಗುವುದಿದೆ ಎಂದು ಅವರಿಗೆ ಗೊತ್ತು. ಅವಳನ್ನು ಕೂರಿಸಲು ಬೇಕಾದ ಒಂದು ಸಾಲು ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಒಳ್ಳೆಯ ಸಾಲು. ಆಡಲಿಲ್ಲ. ಪೊಟ್ಟಣವನ್ನು ಬಿಚ್ಚಿ ಕಾಗದವನ್ನು ಅವಳ ಕಡೆ ಚಾಚಿದೆ. ಅವಳು ಬಂದು ಮೇಜಿನ ಮೇಲೆ ಅದನ್ನು ಹರಡಿ, ಪೆನ್ಸಿಲಿನಲ್ಲಿ ಉಂಗುರದ ಗೆರೆ ಎಳೆದು, ಮತ್ತೆ ಸುತ್ತಲು ನೋಡಿದಳು. ಎಳೆದದ್ದು ತಪ್ಪು. ಗುಡ್ಡ ಹಿಂದಿನಿಂದ, ಅದು ಹಾಗಲ್ಲ ಎಂದು ಎದ್ದು ಬಂದ. ನಾನು ಪಕ್ಕಕ್ಕೆ ಸರಿದು ಕೈಕಟ್ಟಿ ನಿಂತೆ.